ಹನುಮಾನ್‌ಕೈಂಡ್, ಮೈಲಾರದ ಗೊರವಯ್ಯ, ನಮ್ಮ ಮನೆ ಕೌದಿ

ಭಾಗ 1

ಹೋದ ವಾರ ಸ್ಟೋರಿಯೊಳಗ ಕೇಳಿದ್ದೆ, ಯಾವ ರ‍್ಯಾಪರ್ ಬಗ್ಗೆ ಬರೀಲಿ ಅಂತ. ಅರ್ಧ ಮಂದಿ ಚಂದನ್ ಶೆಟ್ಟಿ ಅಂದ್ರಿ, ಇನ್ನರ್ಧ ಆಲ್ ಓಕೆ ಅಂದ್ರಿ. ಇಬ್ರೂ ಇರ್ಲಿ, ಇಬ್ರ ಹಾಡೂ ನಮ್ಮೂರ ಮದುವಿ ಡಿಜೆಯಾಗ ಬೇಕಾದಷ್ಟು ಕೇಳೀವಿ. ನಾನು ಆರಿಸ್ಕೊಂಡಿದ್ದು ಹನುಮಾನ್‌ಕೈಂಡ್‌ನ. ಅಂವ ಕನ್ನಡದವನಲ್ಲ, ಕನ್ನಡದಲ್ಲಿ ಹಾಡೋನೂ ಅಲ್ಲ. ಬೈಬ್ಯಾಡ್ರಿ, ಪೂರ್ತಿ ಓದಿ.

ಹೆಸರು ಸೂರಜ್ ಚೆರುಕಾಟ್. ಹುಟ್ಟಿದ್ದು 1992ರಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ. ಅಪ್ಪನ ಕೆಲಸದ ಸಲುವಾಗಿ ದೇಶ ದೇಶ ತಿರುಗಿ, ಬೆಳೆದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ. ಅಲ್ಲಿಂದ ವಾಪಸ್ ಬಂದು ಕೊಯಮತ್ತೂರಿನ ಪಿಎಸ್‌ಜಿ ಕಾಲೇಜಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಓದಿದ. ಆಮೇಲೆ ಬೆಂಗಳೂರಿಗೆ ಬಂದು ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ನೌಕರಿಗೆ ಸೇರಿದ. ಬಿಕಾಂ ಮಂದಿ, ಇಲ್ಲಿ ಸ್ವಲ್ಪ ನಿಂತು ಇನ್ನೊಮ್ಮೆ ಓದ್ರಿ. ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಯಾವುದು ಜೀವನದ ಗುರಿಯೋ ಆ ಕುರ್ಚಿ ಮ್ಯಾಲ ಅಂವ ಕೂತು ಬಂದಾನ. ಹಗಲು ಆಫೀಸು, ರಾತ್ರಿ ರ‍್ಯಾಪ್.

ಹನುಮಾನ್ ಮತ್ತು ಮ್ಯಾನ್‌ಕೈಂಡ್ ಎರಡೂ ಕೂಡಿಸಿ ಮಾಡ್ಕೊಂಡ ಹೆಸರು ಅದು. ಹನುಮ ಹುಟ್ಟಿದ ಅಂಜನಾದ್ರಿ ಬೆಟ್ಟ ಇರೋದು ಆನೆಗೊಂದಿ ಹತ್ರ ಅಂತ ನಮ್ಮ ಕಡೆ ಎಲ್ರೂ ನಂಬ್ತಾರೆ. ಹಂಗಾಗಿ ಹೆಸರಿನ ಮೊದಲ ಅರ್ಧದ ಮ್ಯಾಲ ನಮಗೂ ಒಂದಿಷ್ಟು ಹಕ್ಕು ಐತಿ ಅಂತ ನನ್ನ ವಾದ!

ಭಾಗ 2

ಅವನಿಗಿಂತ ಮುಂಚಿನ ಬೆಂಗಳೂರು ಗೊತ್ತಿರಬೇಕು ನಿಮಗೆ. ಆರ್ಕುಟ್ ಅಂತ ಒಂದಿತ್ತು, ನಮ್ಮ ಅಣ್ಣಂದಿರ ಕಾಲದ್ದು. ಅದರಲ್ಲಿ ಹುಡುಗರು ಒಬ್ಬರಿಗೊಬ್ಬರು ಸಾಲು ಬರೆದು, ರೆಕಾರ್ಡ್ ಮಾಡಿ ಕಾಳಗ ಮಾಡ್ತಿದ್ರು. ಅಲ್ಲಿ ಪರಿಚಯ ಆದವರೇ ಬ್ರೋಧಾ ವಿ ಮತ್ತು ಸ್ಮೋಕಿ ದ ಘೋಸ್ಟ್. ಇಬ್ರೂ ಬೆಂಗಳೂರಿನವರು, ಗುಂಪಿನ ಹೆಸರು ಮಚ್ಚಾಸ್ ವಿತ್ ಆಟಿಟ್ಯೂಡ್. 2012ರಲ್ಲಿ ಬ್ರೋಧಾ ವಿ "ಆತ್ಮ ರಾಮ" ಬಿಟ್ಟ. ಇಂಗ್ಲಿಷ್ ರ‍್ಯಾಪ್, ನಡುವೆ ರಾಮನ ಭಜನೆ. ಬೀದಿಯಲ್ಲಿ ಬೆಳೆದ ಹುಡುಗನ ಸಿಟ್ಟು ಮತ್ತು ದೇವರ ಮನೆಯ ಧ್ವನಿ ಒಂದೇ ಹಾಡಲ್ಲಿ ಕೂತಿದ್ದು ಅವತ್ತಿಗೆ ಹೊಸದು. ಮರುವರ್ಷ "ಚೆನ್ನೈ ಎಕ್ಸ್‌ಪ್ರೆಸ್" ಸಿನಿಮಾದಲ್ಲೂ ಅವನ ರ‍್ಯಾಪ್ ಬಂತು. ನನಗೆ ಕೇಳಿದ್ರೆ ಇವತ್ತಿನ ಎಲ್ಲಾ ದಕ್ಷಿಣದ ಹುಡುಗರಿಗೂ ಬಾಗಿಲು ತೆಗೆದವನು ಅವನೇ. ಅವನಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಅನ್ನೋದು ನನ್ನ ಹಳೇ ಜಗಳ, ಅದಕ್ಕೆ ಬೇರೆ ಸೀರೀಸ್ ಮಾಡ್ತೀನಿ.

ಆ ತೆರೆದ ಬಾಗಿಲಿಂದ ಒಳಗ ಬಂದ ಹನುಮಾನ್‌ಕೈಂಡ್. 2019ರಲ್ಲಿ "ಕಳರಿ" ಅನ್ನೋ ಇಪಿ. ಇಪಿ ಅಂದ್ರೆ ಆಲ್ಬಂಗಿಂತ ಸಣ್ಣದು, ನಾಲ್ಕೈದು ಹಾಡಿನ ಗಂಟು ಅಂದ್ಕೊಳ್ರಿ. ಅದೇ ವರ್ಷ ಎನ್‌ಎಚ್7 ವೀಕೆಂಡರ್ ವೇದಿಕೆ ಹತ್ತಿದ. ಆಮೇಲೆ ನೌಕರಿ ಬಿಟ್ಟು ಪೂರ್ತಿ ಇದಕ್ಕೇ ಇಳಿದ. ಹೈದರಾಬಾದಿನ ಕಲ್ಮಿ ಅನ್ನೋ ಪ್ರೊಡ್ಯೂಸರ್ ಜೊತೆಯಾದ. "ಗೆಂಘಿಸ್" ಇಬ್ಬರದ್ದೂ ಹಾಡು. ಯಾರ ಮನೆ ಮಾತೂ ಆಗಲಿಲ್ಲ, ಕೇಳೋ ಮಂದಿ ಮಾತ್ರ ಕೇಳಿದ್ರು. 2019ರಿಂದ 2024ರ ತನಕ ಐದು ವರ್ಷ. ನಮ್ಮ ಬಿಕಾಂಗಿಂತ ಎರಡು ವರ್ಷ ಜಾಸ್ತಿ.

ಹಾರ್ಡ್‌ಕೋರ್ ರ‍್ಯಾಪ್ ಅಂದ್ರೇನು ಅಂತ ಡಿಎಂನಲ್ಲಿ ಕೇಳಿದ್ರಿ. ಬೈಗುಳ ಜಾಸ್ತಿ ಇದ್ರೆ ಹಾರ್ಡ್‌ಕೋರ್ ಅಂತ ತಿಳ್ಕೊಂಡವರು ನಮ್ಮಲ್ಲೇ ಬಾಳ ಮಂದಿ ಅದಾರ. ಅದಲ್ಲ. ಬೀಟ್ ಭಾರ ಇರ್ತೈತಿ, ದನಿ ಎದೆಯಿಂದ ಬರ್ತೈತಿ. ಪ್ರೀತಿ ಗೀತಿ ಅಂತ ಸಕ್ಕರೆ ಹಚ್ಚಿದ ಪಲ್ಲವಿ ಇರಲ್ಲ. ಹೇಳೋನು ನಿಮ್ಮ ಮುಖಕ್ಕೆ ಮುಖ ಕೊಟ್ಟು ನಿಂತಂಗೆ ಕೇಳಿಸ್ತೈತಿ. ಹನುಮಾನ್‌ಕೈಂಡ್ ದನಿಯಲ್ಲಿ ಹ್ಯೂಸ್ಟನ್ ಐತಿ. ಆ ಊರಲ್ಲಿ 90ರ ದಶಕದಲ್ಲಿ ಡಿಜೆ ಸ್ಕ್ರೂ ಅನ್ನೋನು ಹಾಡುಗಳನ್ನ ನಿಧಾನ ಮಾಡಿ ಕ್ಯಾಸೆಟ್ಟಿಗೆ ತುಂಬಿ ಮಾರ್ತಿದ್ದ, ಅದೇ ಒಂದು ಶೈಲಿ ಆತು. ನಾವು ರೀಲ್ಸ್‌ಗೆ ಹಾಕೋ ಸ್ಲೋಡ್ ವರ್ಷನ್ ಐತಲ್ಲ, ಅದರ ಅಜ್ಜ ಆ ಕ್ಯಾಸೆಟ್ಟು.

ಭಾಗ 3

2024 ಜುಲೈ 9. "ಬಿಗ್ ಡಾಗ್ಸ್." ಹನುಮಾನ್‌ಕೈಂಡ್, ಕಲ್ಮಿ, ವಿಡಿಯೋ ಮಾಡಿದವನು ಬಿಜೋಯ್ ಶೆಟ್ಟಿ. ಕೇರಳದ ಪೊನ್ನಾನಿಯಲ್ಲಿ ಶೂಟಿಂಗ್. ಜಾತ್ರೆಯ ಮರಣ ಬಾವಿ ಒಳಗ ಬೈಕು, ಕಾರು ಗೋಡೆ ಮ್ಯಾಲ ಗಿರಗಿರ ತಿರುಗ್ತಾವ, ನಡುವೆ ಇಂವ ನಿಂತು ರ‍್ಯಾಪ್ ಮಾಡ್ತಾನ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದ ತನಕ ಹೋತು. ಇಲ್ಲಿಂದ ಮಾಡಿ ಕಳಿಸಿದ ರ‍್ಯಾಪ್ ಹಾಡು ಅಲ್ಲಿ ತನಕ ಹೋಗ್ತೈತಿ ಅಂತ ಒಂದು ತಿಂಗಳ ಹಿಂದೆ ಹೇಳಿದ್ರೆ ಯಾರೂ ನಂಬ್ತಿರಲಿಲ್ಲ.

ಮರಣ ಬಾವಿ ನಿಮಗೇನು ಹೊಸದಲ್ಲ. ಜಾತ್ರೆಯಾಗ ಮ್ಯಾಲಿನ ಕಟಾಂಜನ ಹಿಡ್ಕೊಂಡು ಬಗ್ಗಿ ನೋಡಿರ್ತೀರಿ, ಹತ್ತು ರೂಪಾಯಿ ನೋಟು ಚಾಚಿರ್ತೀರಿ, ಅಂವ ಬೈಕ್ ಮ್ಯಾಲಿಂದನೇ ಕಸ್ಕೊಂಡು ಹೋಗಿರ್ತಾನ. ಹಲಗಿ ಎಲ್ಲಾ ದಡದಡ ನಡುಗ್ತಾವ. ಅದರ ಗುಟ್ಟು ಇಷ್ಟೇ: ಜೋರಾಗಿ ತಿರುಗಿದಷ್ಟೂ ಗೋಡೆ ಗಾಲಿಯನ್ನ ಒಳಕ್ಕೆ ಒತ್ತತೈತಿ, ಆ ಒತ್ತಡ ಇದ್ದಷ್ಟು ಹೊತ್ತು ಘರ್ಷಣೆ ಕೆಳಗ ಬೀಳಗೊಡಲ್ಲ. ವೇಗ ಇಳಿದ್ರೆ ಮುಗೀತು. ಆ ವಿಡಿಯೋದಲ್ಲಿ ನನಗೆ ಸೇರಿದ್ದು ಇದು: ಅಮೆರಿಕಕ್ಕೆ ತೋರಿಸಬೇಕು ಅಂತ ದುಬಾರಿ ಕಾರು, ಈಜುಕೊಳ, ಬಂಗಲೆ ಬಾಡಿಗೆ ತಗೊಳ್ಳಲಿಲ್ಲ. ಹಳೇ ಮಾರುತಿ 800 ತಂದ. ಊರೂರು ತಿರುಗಿ ಹೊಟ್ಟಿ ಹೊರೆಯೋ ಆ ಬಾವಿ ಮಂದಿನ ನಡುವೆ ನಿಲ್ಲಿಸಿದ. ನಾವು ನಾಚಿಕೆ ಪಡೋ ವಸ್ತುಗಳನ್ನೇ ಮುಂದೆ ತಂದಿಟ್ಟ.

ಅದಾದ ಮ್ಯಾಲಿನದು ಬೇಗ ಹೇಳಿಬಿಡ್ತೀನಿ, ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಅದೇ ವರ್ಷ ಫಹಾದ್ ಫಾಸಿಲ್ ಅವರ "ಆವೇಶಂ"ನಲ್ಲಿ ಅವನ ಹಾಡು ಮೊದಲೇ ಬಂದಿತ್ತು. ಸೆಪ್ಟೆಂಬರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಧಾನಿ ಕಾರ್ಯಕ್ರಮದ ವೇದಿಕೆ. ಡಿಸೆಂಬರಲ್ಲಿ "ರೈಫಲ್ ಕ್ಲಬ್" ಸಿನಿಮಾದಲ್ಲಿ ನಟನೆ, ಜೊತೆಗೆ ಬಿಗ್ ಡಾಗ್ಸ್‌ಗೆ ಎಸಾಪ್ ರಾಕಿಯ ರೀಮಿಕ್ಸ್. 2025ರ ಮಾರ್ಚಲ್ಲಿ "ರನ್ ಇಟ್ ಅಪ್", ಅದರಲ್ಲಿ ಚೆಂಡೆ, ಕಳರಿಪಯಟ್ಟು, ಗತ್ಕಾ. ಏಪ್ರಿಲಲ್ಲಿ ಕೋಚೆಲ್ಲಾ ವೇದಿಕೆಗೆ ಚೆಂಡೆ ಬಾರಿಸೋರನ್ನ ಕರ್ಕೊಂಡು ಹೋದ. ಜುಲೈಯಲ್ಲಿ "ಮಾನ್ಸೂನ್ ಸೀಸನ್" ಮಿಕ್ಸ್‌ಟೇಪ್.

ಚೆಂಡೆ ನೋಡಿದಾಗ ನನಗೆ ಖುಷಿ ಆತು, ಹೊಟ್ಟಿ ಉರಿನೂ ಆತು. ಅವರ ಚೆಂಡೆ ಕೋಚೆಲ್ಲಾಕ್ಕೆ ಹೋತು, ನಮ್ಮ ಡೊಳ್ಳು ಮೆರವಣಿಗೆ ದಾಟಿ ಮುಂದೆ ಹೋಗವಲ್ದು.

ಭಾಗ 4

ಇನ್ನು ನಮ್ಮ ಕಡೆ ಮಾತು. ನಮ್ಮದೇ ಹಡಗಲಿ ತಾಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆ ಜಾತ್ರೆಗೆ ಹೋದವರು ಕೈ ಎತ್ರಿ. ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರ್ತಾನ. ಏರಿ "ಸದ್ದಲೇ" ಅಂತಾನ. ಲಕ್ಷಗಟ್ಟಲೆ ಮಂದಿ ಒಂದೇ ಉಸಿರಿಗೆ ಸುಮ್ಮನಾಗ್ತಾರ. ಒಂದೇ ಒಂದು ಸಾಲು ನುಡಿತಾನ, ಮ್ಯಾಲಿಂದ ಹಂಗೇ ಕೆಳಗ ಬೀಳ್ತಾನ, ಕೆಳಗಿದ್ದವರು ಹಿಡ್ಕೊಳ್ತಾರ. ಆ ಒಂದು ಸಾಲನ್ನ ರೈತರು ಮಳೆ ಬೆಳೆಗೆ ಹೊಂದಿಸ್ತಾರ, ರಾಜಕಾರಣಿಗಳು ತಮ್ಮ ಕುರ್ಚಿಗೆ ಹೊಂದಿಸ್ತಾರ, ವರ್ಷ ಪೂರ್ತಿ ಅರ್ಥ ಹುಡುಕ್ತಾರ.

ಭಕ್ತಿ ಬೇರೆ, ರ‍್ಯಾಪ್ ಬೇರೆ, ಅದು ನನಗೂ ಗೊತ್ತು. ಆದ್ರೆ ಒಂದು ಸಾಲಿಗೆ ಎಷ್ಟು ತೂಕ ಹಾಕಬಹುದು ಅಂತ ನಾನು ಕಲ್ತಿದ್ದು ಯಾವ ಯೂಟ್ಯೂಬ್ ಕ್ಲಾಸಲ್ಲೂ ಅಲ್ಲ, ಅಲ್ಲೇ, ಅಪ್ಪನ ಹೆಗಲ ಮ್ಯಾಲ ಕೂತು. ಆ ಸಾಲಿಗಿಂತ ಮುಂಚಿನ ಮೌನ ಐತಲ್ಲ, ಅದೂ ಸಾಲಿನ ಭಾಗನೇ. ರ‍್ಯಾಪ್ ಕಾಳಗ ಅಮೆರಿಕದಿಂದ ಬಂತು ಅನ್ನೋರಿಗೆ ಹರದೇಶಿ-ನಾಗೇಶಿ ಪದ ಕೇಳಸ್ರಿ. ಗಂಡು ಹೆಚ್ಚು ಅಂತ ಒಂದು ಮೇಳ, ಹೆಣ್ಣು ಹೆಚ್ಚು ಅಂತ ಇನ್ನೊಂದು ಮೇಳ, ರಾತ್ರಿ ಪೂರ್ತಿ ಸವಾಲ್-ಜವಾಬ್. ಸೋತವರ ಮುಖ ನೋಡಬೇಕು.

ಈಗ ಸ್ವಲ್ಪ ಕಸಬಿನ ಮಾತು, ಬರೆಯೋ ಹುಡುಗರಿಗೆ. ಇಂಗ್ಲಿಷಲ್ಲಿ ಸಾಲಿನ ಕೊನೆಗೆ ಪ್ರಾಸ ತರೋದು ಕಷ್ಟದ ಕೆಲಸ, ಅದಕ್ಕೇ ಕೇಳೋರಿಗೆ ಮಜಾ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತೈತಿ. ಬರ್ತೀನಿ, ಹೋಗ್ತೀನಿ, ನೋಡ್ತೀನಿ, ಹೊಡಿತೀನಿ. ಕಣ್ಣು ಮುಚ್ಚಿ ಬರೆದ್ರೂ ಪ್ರಾಸ ಆತು. ಪುಕ್ಕಟೆ ಸಿಕ್ಕ ಪ್ರಾಸಕ್ಕೆ ಬೆಲೆ ಇಲ್ಲ, ನಮ್ಮಲ್ಲಿ ಬರೋ ಬಾಳಷ್ಟು ರ‍್ಯಾಪ್ ಸಪ್ಪಗೆ ಕೇಳಿಸೋದು ಇದಕ್ಕೇ. ಹಳೇ ಕವಿಗಳಿಗೆ ಇದು ಗೊತ್ತಿತ್ತು. ಪಿಯುಸಿಯಲ್ಲಿ ನಾವು ನಿದ್ದಿ ಹೊಡೆದ ಛಂದಸ್ಸಿನ ಪಾಠ ನೆನಪು ಮಾಡ್ಕೊಳ್ರಿ: ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು. ಕಟ್ಟೆ, ಸಿಟ್ಟು, ರೊಟ್ಟಿ, ಹಟ್ಟಿ. ಸಾಲು ಶುರು ಆಗ್ತಿದ್ದಂಗೇ ಪೆಟ್ಟು ಬೀಳ್ತೈತಿ, ಬೀಟಿನ ಮೊದಲ ಏಟಿಗೆ ಸರಿಯಾಗಿ. ನಂದು ಒಂದು ಜೋಡಿ ನೋಡ್ರಿ:

ಕಟ್ಟೆ ಮ್ಯಾಲ ಕುಂತ ಮಂದಿ, ಕೇಳ್ರಿ ನಂದೂ ಮಾತು
ಸಿಟ್ಟು ನುಂಗಿ ತೂಗಸ್ತಾನ ಅಪ್ಪ ಸಂಜೀ ಹೊತ್ತು

ಮೆಕ್ಕೆಜೋಳದ ಚೀಲ ತೂಕಕ್ಕೆ ಇಟ್ಟಾಗ ರೇಟು ಕೇಳಿ ಅಪ್ಪ ಏನೂ ಮಾತಾಡದೆ ನಿಂತಿದ್ದ, ಅದರದ್ದು.

ಭಾಗ 5

ಇದೇ ಸಾಲು ತಗೊಂಡು ನಾನೂ ನನ್ನ ದೋಸ್ತನೂ ದೊಡ್ಡ ಊರಿನ ಒಂದು ಸ್ಟುಡಿಯೋಗೆ ಹೋಗಿದ್ವಿ. ಹೆಸರು ಬ್ಯಾಡ. ಗಂಟೆಗೆ ಇಷ್ಟು ಅಂತ ರೊಕ್ಕ ಮೊದಲೇ ಎಣಿಸಿಕೊಂಡ್ರು. ನಾಲ್ಕು ಸಾಲು ಕೇಳಿ ಅಲ್ಲಿದ್ದೋರು, "ಭಾಷೆ ಸ್ವಲ್ಪ ನೀಟ್ ಮಾಡ್ಕೊಂಡ್ ಬಾರಪ್ಪ, ಹಿಂಗಾದ್ರೆ ಕಾಮಿಡಿ ಅನ್ಸತ್ತೆ" ಅಂದ್ರು. "ಮ್ಯಾಲ" ಹೋಗಿ "ಮೇಲೆ" ಆಗಬೇಕು, "ಐತಿ" ಹೋಗಿ "ಇದೆ" ಆಗಬೇಕು. ಸಿನಿಮಾದಲ್ಲಿ ನಮ್ಮ ಕಡೆ ಮಾತಾಡೋನು ಯಾವತ್ತೂ ನಗಸೋಕೆ ಬರೋನೇ ಅಲ್ಲವಾ, ಅದಕ್ಕೆ ಅವರ ಕಿವಿಗೂ ಹಂಗೇ ಕೇಳಿಸಿರಬೇಕು. ನಾವು ಏನೂ ಅನ್ನಲಿಲ್ಲ. ಬಸ್ಸಲ್ಲಿ ವಾಪಸ್ ಬರೋವಾಗ ದೋಸ್ತ ಒಂದೇ ಮಾತು ಕೇಳಿದ: "ಹ್ಯೂಸ್ಟನ್ನವರ ಇಂಗ್ಲಿಷ್ ನೀಟ್ ಐತೇನಲೇ?"

ಇಲ್ಲ. ಅದೇ ತಾನೆ ವಿಷಯ. ನ್ಯೂಯಾರ್ಕಿನವರು ದಕ್ಷಿಣದ ರ‍್ಯಾಪರುಗಳ ಎಳೆದು ಮಾತಾಡೋ ಇಂಗ್ಲಿಷನ್ನ ಹಳ್ಳಿಗಮಾರರ ಮಾತು ಅಂತ ವರ್ಷಗಟ್ಟಲೆ ನಗಾಡಿದ್ರು. ಆಮೇಲೆ ಆ ಎಳೆತವೇ ಇಡೀ ಲೋಕದ ರ‍್ಯಾಪಿನ ಧಾಟಿ ಆತು. ಮಲಪ್ಪುರಂ ಹುಡುಗ ಅದನ್ನ ನಾಲಿಗಿ ಮ್ಯಾಲ ಇಟ್ಕೊಂಡು ಬೆಂಗಳೂರಿಗೆ ತಂದ, ಯಾರಿಗೂ ಇಸ್ತ್ರಿ ಮಾಡಿ ಕೊಡಲಿಲ್ಲ.

ಹಂಗಂತ ನಾನು ಕನಸಲ್ಲಿ ತೇಲಾಕತ್ತಿಲ್ಲ. ಅವನಿಗೂ ನನಗೂ ಇರೋ ಫರಕು ಲೆಡ್ಜರ್ ಬರೆದಂಗೆ ಬರೆದು ನೋಡೀನಿ. ಅವನಿಗೆ ಇಂಗ್ಲಿಷ್ ಇತ್ತು, ಇಡೀ ಜಗತ್ತು ಮಾರ್ಕೆಟ್ಟು. ಅಂವ ಬಿಡೋಕೆ ಒಂದು ನೌಕರಿ ಆದ್ರೂ ಇತ್ತು. ನನ್ನ ಹತ್ರ ಬಿಡೋಕೆ ಇನ್ನೂ ಏನೂ ಇಲ್ಲ. ಅಪ್ಪ ಜೂನ್‌ಗೆ ಧಾರವಾಡಕ್ಕೆ ಕಳಸ್ತೀನಿ ಅಂದಾನ, ಬ್ಯಾಂಕ್ ಪರೀಕ್ಷೆ ಕೋಚಿಂಗಿಗೆ. ಫೀಸು ಎಲ್ಲಿಂದ ಬರ್ತೈತಿ ಅಂತ ನನಗೆ ಗೊತ್ತು, ಆ ಎರಡನೇ ಸಾಲಿನೊಳಗ ಐತಿ ಅದು. ನಾನು ಹೋಗ್ತೀನಿ. ಕಾರ್ತಿಕ್ ಕಾಲಿಂಗ್ ಕಾರ್ತಿಕ್ ತರ ಒಳಗೊಬ್ಬ ಹೊರಗೊಬ್ಬ ಅಂತ ನಾಟಕ ಮಾಡಲ್ಲ, ಹಗಲು ಆಪ್ಟಿಟ್ಯೂಡು, ರಾತ್ರಿ ಆದಿಪ್ರಾಸ. ಅಪ್ಪನಿಗೆ ಹೇಳೀನಿ ಅದನ್ನ. ಅಪ್ಪ ಪೂರ್ತಿ ಕೇಳಿ, "ಆ ತೂಕದ ಪದದಾಗ ನನ್ನ ಹೆಸರು ಹಾಕಬ್ಯಾಡ" ಅಂದ, ಅಷ್ಟೇ.

ನಮ್ಮೂರ ಅನಂತಶಯನನ ಕಥೆ ಹೊರಗಿನ ಫಾಲೋವರ್ಸ್‌ಗೆ ಗೊತ್ತಿರಲಿಕ್ಕಿಲ್ಲ. ಹೊಸಪೇಟೆ ಹತ್ರ ಕೃಷ್ಣದೇವರಾಯ ಕಟ್ಟಿಸಿದ ಅನಂತಶಯನಗುಡಿ ಐತಲ್ಲ, ಅಲ್ಲಿಗೆ ಹೋಗಬೇಕಾದ ಮೂರ್ತಿ ಹೊಳಲಿನಲ್ಲೇ ಉಳೀತು, ಏನು ಮಾಡಿದ್ರೂ ಏಳಲಿಲ್ಲ ಅಂತ ಹಿರಿಯರು ಹೇಳ್ತಾರ. ಅಲ್ಲಿ ಅಷ್ಟು ದೊಡ್ಡ ಗುಡಿ, ಒಳಗ ದೇವರಿಲ್ಲ. ದೇವರು ಇಲ್ಲಿ ಆರಾಮ ಮಲಗ್ಯಾನ. ಗುಡಿ ಹತ್ರ ಕೂತು ನಾವು ಈ ಕಥೆ ಮ್ಯಾಲೂ ಒಂದು ವರ್ಸ್ ಬರೀಲಿಕ್ಕೆ ಹಿಡಿದೀವಿ.

ಸ್ಟುಡಿಯೋ ಸದ್ಯಕ್ಕೆ ದೋಸ್ತನ ಮನೆ ಹಿಂದಿನ ಖೋಲಿ. ಮೂರು ಗೋಡೆಗೆ ನಮ್ಮ ಅಜ್ಜಿ ಹೊಲಿದ ಕೌದಿ ನೇತು ಹಾಕೀವಿ, ದನಿ ಗುಂಯ್ ಅನ್ನಬಾರದು ಅಂತ. ಹಳೇ ಸೀರಿ ಏಳೆಂಟು ಪದರ ಹಾಕಿ ಹೊಲಿದದ್ದು, ಅಂಗಡಿ ಫೋಮ್‌ಗಿಂತ ಚಲೋ ಕೆಲಸ ಮಾಡ್ತೈತಿ, ನೀವೂ ಮಾಡಿ ನೋಡ್ರಿ. ಮೈಕು ಅಗ್ಗದ್ದು, ಬ್ಯಾಂಡ್‌ಲ್ಯಾಬ್ ಆಪ್ ಪುಕ್ಕಟೆ. ಕರೆಂಟು ಹೋದ್ರೆ ಫ್ಯಾನಿನ ಸದ್ದು ನಿಲ್ತೈತಿ, ಆಗಲೇ ಒಳ್ಳೆ ಟೇಕ್ ಬರೋದು.

16 ಬಾರ್‌ನಲ್ಲಿ 14 ಆಗ್ಯಾವ. ಎರಡು ಕಡಿಮಿ ಐತಿ. ಎರಡನೇ ಅಕ್ಷರ "ಟ್ಟ" ಇರೋ, ನಿಮ್ಮ ಊರಲ್ಲಿ ಮಾತ್ರ ಆಡೋ ಒಂದು ಪದ ಕಾಮೆಂಟಲ್ಲಿ ಹಾಕ್ರಿ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಮಂದಿ ವಿಶೇಷವಾಗಿ. ಭಾನುವಾರ ರೆಕಾರ್ಡಿಂಗ್ ಐತಿ.