ದೋಸೆ ಹಾಕೋರನ್ನ ಟಿವಿಗೆ ತಗೋತಾರಾ ಅಣ್ಣಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ ಸುದ್ದಿ ಕಳಿಸುವ ನಮಗೆ ಮನೆಯೂಟಕ್ಕಿಂತ ಹೋಟೆಲ್ ತಿಂಡಿಯೇ ಹೆಚ್ಚು. ಹಾಗಾಗಿ ದೋಸೆ ಹಾಕುವವರು, ಮಿರ್ಚಿ ಕರಿಯುವವರು ಎಲ್ಲ ಊರಲ್ಲೂ ಪರಿಚಯ.

ಮೊನ್ನೆ ನ್ಯಾಮತಿಯಲ್ಲಿ ಕಾವಲಿ ಮುಂದಿದ್ದ ಹುಡುಗ ಕೇಳಿದ: "ಅಣ್ಣಾ, ನೀವು ಟಿವಿಯೋರಲ್ವಾ? ಅಡುಗೆ ಶೋಗೆ ದೋಸೆ ಹಾಕೋರನ್ನ ತಗೋತಾರಾ?"

ನಾವು ಅವನಿಗೆ ಮಂಗಳೂರಿನ ಮೊಹಮ್ಮದ್ ಆಶಿಕ್ ಅವರ ಕಥೆ ಹೇಳಿದೆವು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಆಸೆ ಇತ್ತು, ದುಡ್ಡು ಇರಲಿಲ್ಲ. 'ಕುಲುಕ್ಕಿ ಹಬ್' ಅಂತ ಜ್ಯೂಸ್ ಅಂಗಡಿ ಹಾಕಿದರು. ಕುಲುಕ್ಕಿ ಅಂದರೆ ನಿಂಬೆರಸ, ಹಸಿಮೆಣಸು, ಕಾಮಕಸ್ತೂರಿ ಬೀಜ ಹಾಕಿ ಕುಲುಕಿ ಕೊಡುವ ಶರಬತ್ತು. ಮಾಸ್ಟರ್‌ಶೆಫ್ ಇಂಡಿಯಾಕ್ಕೆ ಮೊದಲು ಹೋದಾಗ ಆಯ್ಕೆಯಾಗದೆ ವಾಪಸ್ ಬಂದರು. ಮತ್ತೆ ಹೋದರು. 2023ರ ಡಿಸೆಂಬರ್‌ನಲ್ಲಿ 8ನೇ ಸೀಸನ್ ಗೆದ್ದರು. ಬಹುಮಾನ 25 ಲಕ್ಷ ರೂಪಾಯಿ. ಆಗ ವಯಸ್ಸು 24.

ಇಲ್ಲಿ ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ಸುದ್ದಿ ಬಂದ ದಿನ ನಾವೂ ಎಲ್ಲರ ಹಾಗೆ "ಜ್ಯೂಸ್ ಅಂಗಡಿ ಹುಡುಗ ಗೆದ್ದ" ಅಂತ ಸ್ಟೇಟಸ್ ಹಾಕಿದ್ದೆವು, ಅಂಗಡಿಯವನು ಗೆಲ್ಲುವುದೇ ಪವಾಡ ಅನ್ನುವ ಹಾಗೆ. ನಾವೇನು ಕಡಿಮೆ? ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಬೆಳಗ್ಗೆ ಹೋಟೆಲಿನಲ್ಲಿ ತಟ್ಟೆ ತೊಳೆದು, ಈರುಳ್ಳಿ ಹೆಚ್ಚಿ ಕ್ಲಾಸಿಗೆ ಹೋದವರು. ಅಂಗಿಗೆ ಹತ್ತಿದ ಎಣ್ಣೆ ವಾಸನೆ ಯಾರಿಗೂ ಬರಬಾರದು ಅಂತ ಕೊನೆ ಬೆಂಚಲ್ಲಿ ಕೂತವರು. ಕೆಲಸಕ್ಕೆ ಅರ್ಜಿ ಹಾಕುವಾಗ ಆ ಎರಡು ವರ್ಷ ಬರೆಯಲೇ ಇಲ್ಲ.

ಆದರೆ ಕಲಿತದ್ದು ಅಲ್ಲೇ. ನೀರು ಚಿಮುಕಿಸಿದಾಗ ಬರುವ ಸದ್ದಿನಲ್ಲೇ ಕಾವಲಿ ಕಾದದ್ದು ಗೊತ್ತಾಗುತ್ತದೆ. ಗಿರಾಕಿ ಚಟ್ನಿ ಬಿಟ್ಟು ಎದ್ದರೆ ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಒಂದೇ ರುಚಿ ದಿನಾ ನೂರು ಸಲ ಬರಬೇಕು. ಇದನ್ನು ಯಾವ ಶೋನೂ ಕಲಿಸುವುದಿಲ್ಲ, ಅಲ್ಲಿಗೆ ಹೋಗುವವರು ಕಲಿತೇ ಹೋಗಿರಬೇಕು.

ನಮ್ಮ ಜಿಲ್ಲೆಯ ಬೆಣ್ಣೆದೋಸೆಯೂ ಅಂಗಡಿಯಲ್ಲೇ ಹುಟ್ಟಿದ್ದು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದ ಚೆನ್ನಮ್ಮ ಮೊದಲು ಮಾಡಿದ್ದು ರಾಗಿ ದೋಸೆಯಂತೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಹಾಕುವ ದೋಸೆ ಮಕ್ಕಳ ಕಾಲಕ್ಕೆ ಬಂತು ಅನ್ನುತ್ತಾರೆ. ಆಗ ಟಿವಿ ಎಲ್ಲಿತ್ತು? ಆದರೂ ಊರಿನ ಹೆಸರು ದೋಸೆಗೆ ಅಂಟಿಕೊಂಡಿತು.

ಹುಡುಗನಿಗೆ ಇಷ್ಟೇ ಹೇಳಿದೆವು: "ತಮ್ಮಾ, ತಗೋತಾರೆ. ಒಂದು ಸಲಕ್ಕೆ ಆಗದೇ ಇರಬಹುದು. ಹೋಗು, ಆದರೆ ಕಾವಲಿ ಬಿಟ್ಟು ಹೋಗಬೇಡ. ಅರ್ಜಿಯಲ್ಲಿ ದೋಸೆ ಹಾಕ್ತೀನಿ ಅಂತಲೇ ಬರಿ. ನಮ್ಮ ಹಾಗೆ ಮುಚ್ಚಿಡಬೇಡ."

ಅವನು ನಕ್ಕ. "ಅದೆಲ್ಲ ಇರ್ಲಿ ಅಣ್ಣಾ, ದೋಸೆ ತಣ್ಣಗಾಗ್ತೈತಿ, ತಿನ್ರಿ" ಅಂದ.

ತಿಂದೆವು. ಈ ಸಲ ಚಟ್ನಿ ಬಿಡಲಿಲ್ಲ.