ಅಜ್ಜನ ಹಾಡು ಧಾರವಾಡಕ್ಕೆ ಹೋದದ್ದು

ಧಾರವಾಡದ ಹಾಸ್ಟೆಲ್ಲಿನಿಂದ ಮಗಳ ಫೋನು ಬಂದರೆ ಸಾಮಾನ್ಯವಾಗಿ ಅದು ಹಣಕ್ಕೆ, ಇಲ್ಲವೆ ಶೇಂಗಾ ಚಟ್ನಿಗೆ. ಈಚೆಗೆ ಬಂದ ಒಂದು ಫೋನಿನಲ್ಲಿ ಎರಡೂ ಇರಲಿಲ್ಲ.

"ಅಪ್ಪಾ, ಅಜ್ಜ ಹಾಡಕೋತ ಹಾಡಕೋತ ನಡುವ ನಿಂತಬಿಟ್ಟ" ಅಂದಳು.

ಅಜ್ಜ, ಅಂದರೆ ನನ್ನ ಅಪ್ಪ, ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಆದರೂ ಆಕೆ ಹೇಳಿದ್ದು ಸುಳ್ಳಲ್ಲ. ಬಾಡಗಂಡಿಯಲ್ಲಿ ಕರೆಂಟು ಹೋಗಿತ್ತು. ಅದರೊಂದಿಗೆ ಪಡಸಾಲೆಯ ಮೂಲೆಯ ಹಳೆಯ ಕಂಪ್ಯೂಟರು ಆರಿತ್ತು. ಅದರ ಬೆನ್ನಿಗೇ ಧಾರವಾಡದಲ್ಲಿ ಮಗಳ ಕಿವಿಯೊಳಗೆ ಹಾಡುತ್ತಿದ್ದ ಅಪ್ಪನ ದನಿಯೂ ನಿಂತಿತ್ತು.

ಇದು ಶುರುವಾದದ್ದು ಒಂದು ಟ್ರಂಕಿನಿಂದ. ಅಟ್ಟದ ಮೇಲಿದ್ದ ಅದನ್ನು ಕಳೆದ ಬೇಸಿಗೆ ರಜೆಯಲ್ಲಿ ಇಳಿಸಿದಾಗ ಒಳಗೆ 112 ಕ್ಯಾಸೆಟ್ಟುಗಳಿದ್ದವು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಶ್ರೀಕೃಷ್ಣ ಪಾರಿಜಾತ, ಧಾರವಾಡ ಆಕಾಶವಾಣಿಯಿಂದ ಹಿಡಿದುಕೊಂಡ ವಚನಗಳು. ಎಲ್ಲಕ್ಕೂ ಕೆಳಗೆ, ಹೆಸರು ಬರೆಯದ ಒಂದು ಕ್ಯಾಸೆಟ್ಟು. ಅದರಲ್ಲಿದ್ದವನು ನನ್ನ ಅಪ್ಪ.

ಅಪ್ಪ ಒಕ್ಕಲಿಗ. ಊರ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದ. 1984ರ ಶ್ರಾವಣದಲ್ಲಿ ಬಂಧುಗಳೊಬ್ಬರು ಟೇಪ್ ರೆಕಾರ್ಡರ್ ತಂದು ಒಂದು ರಾತ್ರಿಯ ಭಜನೆಯನ್ನು ಹಿಡಿದಿದ್ದರು. ನಮ್ಮ ಬೀಳಗಿಯಲ್ಲೇ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ, ದೇಶಕ್ಕೆಲ್ಲ ಪರಿಚಯವಾದರು. 1965ರಲ್ಲಿ ಅವರು ತೀರಿಕೊಂಡರೂ ಗ್ರಾಮಫೋನ್ ತಟ್ಟೆಗಳಿಂದಾಗಿ ಅವರ ದನಿ ಇಂದಿಗೂ ಸಿಗುತ್ತದೆ. ನನ್ನ ಅಪ್ಪನ ದನಿಯನ್ನು ಯಾವ ಕಂಪನಿಯೂ ತಟ್ಟೆಯ ಮೇಲೆ ಕೊರೆಯಲಿಲ್ಲ. ಅವನಿಗೆ ಇದ್ದದ್ದು ಈ ಒಂದೇ ಕ್ಯಾಸೆಟ್ಟು.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿತು. ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬಳಿದಿರುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಅದು ಓಡುವಾಗ ಪುಡಿಯ ಕಾಂತೀಯ ಕಣಗಳು ದನಿಗೆ ತಕ್ಕಂತೆ ಸಾಲುಗೂಡುತ್ತವೆ. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು: ಅರ್ಧ ಗಂಟೆಯ ಹಾಡಿಗೆ ಸುಮಾರು 86 ಮೀಟರ್ ಪಟ್ಟಿ ಬೇಕು.

ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಹಾಕಿದೆ. ಇಲ್ಲಿ ಅವಸರ ನಡೆಯದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಒಂದೊಂದು ಅಳತೆಗೆ 16 ಬಿಟ್, ಎಡ ಬಲ ಸೇರಿ ಎರಡು ದಾರಿ. ಹೀಗೆ ಒಂದು ಗಂಟೆಗೆ 635 ಮೆಗಾಬೈಟ್ ಆಗುತ್ತದೆ. ಅದನ್ನೇ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿದರೆ 58 ಮೆಗಾಬೈಟ್ ಸಾಕು. ಉಳಿದದ್ದು ಎಲ್ಲಿ ಹೋಯಿತು? ಹಾರ್ಮೋನಿಯಂ ಜೋರಾಗಿ ನುಡಿಯುವಾಗ ಅದರ ಸ್ವರಕ್ಕೆ ಹತ್ತಿರದ ಮೆಲುದನಿ ಏನಿದ್ದರೂ ನಮ್ಮ ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳದ್ದನ್ನು ಎಂಪಿ3 ಕೈಬಿಡುತ್ತದೆ. ಉಳಿದ ಕ್ಯಾಸೆಟ್ಟುಗಳನ್ನು ಹೀಗೆ ಕುಗ್ಗಿಸಿದೆ. ಅಪ್ಪನದನ್ನು ಮಾತ್ರ ಇದ್ದ ಹಾಗೆಯೇ ಇಟ್ಟುಕೊಂಡು, ಕಳಿಸುವುದಕ್ಕೆ ಬೇರೊಂದು ಪ್ರತಿ ಮಾಡಿದೆ.

ಮುಂದಿನ ಕೆಲಸಕ್ಕೆ ಮಗಳೇ ನನ್ನ ಗುರು. ನ್ಯಾವಿಡ್ರೋಮ್ ಎಂಬ ಉಚಿತ ತಂತ್ರಾಂಶವನ್ನು ಆಕೆ ಕಂಪ್ಯೂಟರಿಗೆ ಹಾಕಿದಳು. ಈಗ ಅದು ಮನೆಯ ಆಕಾಶವಾಣಿ. ಕೇಳುಗರು ಮನೆಯ ನಾಲ್ಕು ಮಂದಿ. ಹಾಡು ಒಮ್ಮೆಗೇ ಪೂರ್ತಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ನಳ ಬಂದಾಗ ಕೊಡ ತುಂಬಿಟ್ಟುಕೊಳ್ಳುವ ಹಾಗೆ ಫೋನು ಒಂದಿಷ್ಟನ್ನು ಮುಂಚೆಯೇ ತುಂಬಿಟ್ಟುಕೊಂಡು ನುಡಿಸುತ್ತದೆ. ಕೊಡ ಬರಿದಾದರೆ ಹಾಡು ನಿಲ್ಲುತ್ತದೆ. ಇಲ್ಲಿ ಎಣಿಕೆಗೆ ಬರುವುದು ನಮ್ಮ ಮನೆಯಿಂದ ಹೊರಹೋಗುವ ವೇಗ. ಒಳಬರುವ ವೇಗ ಎಷ್ಟಿದ್ದರೂ ಆಕೆಗೆ ಉಪಯೋಗವಿಲ್ಲ.

ಪಾಲಕರಿಗೆ ಎರಡು ಮಾತು. ಮನೆಯ ಕಂಪ್ಯೂಟರಿನ ಬಾಗಿಲನ್ನು ಇಂಟರ್ನೆಟ್ಟಿಗೆ ಹಾರು ಹೊಡೆದು ಬಿಡಬಾರದು. ಮನೆಯವರ ಫೋನಿಗಷ್ಟೇ ದಾರಿ ಬಿಡುವ ವಿಪಿಎನ್ ಎಂಬ ಖಾಸಗಿ ಸುರಂಗ ಬೇಕು. ಇನ್ನೊಂದು, ಕೊಂಡ ಕ್ಯಾಸೆಟ್ಟಿನ ಹಾಡು ಮನೆಯವರ ಕಿವಿಗಷ್ಟೇ. ಊರಿಗೆಲ್ಲ ಹಂಚುವ ಹಕ್ಕು ನಮಗಿಲ್ಲ.

ಕರೆಂಟು ಬಂದ ಮೇಲೆ ಮಗಳು ಮತ್ತೆ ಫೋನು ಮಾಡಿದಳು. "ಅಪ್ಪಾ, ಈಗ ಪೂರಾ ಕೇಳಿದೆ. ನಾಲ್ಕು ನಿಮಿಷ ಆದಮ್ಯಾಲೆ ಅಜ್ಜನ ಪದ ಕಟ್ಟಾಗಿ ಹಿಂದಿ ಸಿನಿಮಾ ಹಾಡು ಯಾಕ ಬರತೈತಿ?"

"ಹಳೇ ಟೇಪವ್ವಾ, ಕೆಟ್ಟಿರಬೇಕು" ಅಂದೆ.

ಅಂದವನಿಗೇ ನಾಚಿಕೆಯಾಯಿತು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಟೇಪು ಕೆಟ್ಟರೆ ಗೊರಗೊರ ಸದ್ದು ಬರುತ್ತದೆ, ಹಿಂದಿ ಹಾಡು ಬರುವುದಿಲ್ಲ.

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಮತ್ತೆ ರೆಕಾರ್ಡಿನ ಗುಂಡಿ ಒತ್ತಲು ಬರುವುದಿಲ್ಲ. ಆ ಬಂಧುಗಳು ಅಂದೇ ಮುರಿದು ಕೊಟ್ಟಿದ್ದರು. 1988ರಲ್ಲಿ ನಾನು ಪಿಯುಸಿ ಎರಡನೇ ವರ್ಷ, ವಿಜ್ಞಾನದ ಹುಡುಗ. ವಿವಿಧ ಭಾರತಿಯಲ್ಲಿ ಮೆಚ್ಚಿನ ಹಾಡು ಬರುತ್ತಿತ್ತು, ಕೈಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಹಲ್ಲಿನ ತೂತಿಗೆ ಕಾಗದ ಮಡಚಿ ತುರುಕಿದರೆ ಯಂತ್ರ ಮೋಸಹೋಗುತ್ತದೆಂದು ನನಗೆ ಗೊತ್ತಿತ್ತು. ತುರುಕಿದೆ. ಟೇಪ್ ರೆಕಾರ್ಡರಿನಲ್ಲಿ ಮೊದಲು ಅಳಿಸುವ ತಲೆ, ಆಮೇಲೆ ಬರೆಯುವ ತಲೆ. ಒಮ್ಮೆ ಅಳಿಸಿದ ಮೇಲೆ ಯಾವ ವಿಜ್ಞಾನವೂ ಅಪ್ಪನ ದನಿಯನ್ನು ಮರಳಿ ತರಲಾರದು. ಅಪ್ಪ ಬದುಕಿರುವವರೆಗೂ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಟ್ರಂಕಿನಿಂದ ಕ್ಯಾಸೆಟ್ಟು ತೆಗೆದಾಗ ಆ ಕಾಗದದ ಚೂರು ತೂತಿನಲ್ಲಿ ಹಾಗೇ ಇತ್ತು. ನನ್ನ ಭೌತಶಾಸ್ತ್ರದ ನೋಟ್‌ಬುಕ್ಕಿನ ಹಾಳೆ.

ಅಂದು ಸಂಜೆ ಮಗಳಿಗೆ ನಾನೇ ಫೋನು ಮಾಡಿ, ಪಕ್ಕದಲ್ಲಿ ಅವ್ವನನ್ನೂ ಕೂಡ್ರಿಸಿಕೊಂಡು, ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗಳು ಸುಮ್ಮನಿದ್ದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಹೋದದ್ದು ಹೋತು ತಮ್ಮಾ. ಉಳದದ್ದನ್ನ ಇನ್ನೊಮ್ಮೆ ಹಚ್ಚು" ಅಂದಳು.

ಹಚ್ಚಿದೆ. ಆ ನಾಲ್ಕು ನಿಮಿಷದ ಹಾಡಿಗೆ ಈಗ ಮೂರು ಪ್ರತಿಗಳಿವೆ. ಒಂದು ಕಂಪ್ಯೂಟರಿನಲ್ಲಿ, ಒಂದು ಬೀರುವಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಮುಧೋಳದಲ್ಲಿ ತಮ್ಮನ ಮನೆಯಲ್ಲಿ. ಒಂದೇ ಪ್ರತಿ ಇರುವ ವಸ್ತು ಯಾವತ್ತಾದರೂ ಕಳೆದೇ ಹೋಗುತ್ತದೆಂದು ಈಗ ನನ್ನ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಅಜ್ಜ ಅಜ್ಜಿಯರ ಪದವನ್ನೋ ಕಥೆಯನ್ನೋ ಫೋನಿನಲ್ಲಿ ಹಿಡಿದು ತರುವುದು ಈ ಸಲದ ರಜೆಯ ಮನೆಗೆಲಸ.

ಅಪ್ಪನ ಪದದ ಬೆನ್ನಿಗೆ ಬರುವ ಸಿನಿಮಾ ಹಾಡನ್ನು ಕತ್ತರಿಸಿ ತೆಗೆಯುವುದು ಎರಡು ನಿಮಿಷದ ಕೆಲಸ. ನಾನು ತೆಗೆದಿಲ್ಲ.