ಕೊನೆಯ ಕಟ್ಟು ಯಾರ ಪಾಲಿಗೆ?

ಹೈದರಾಬಾದು ಕನ್ನಡಿಗರಿಗೆ ಪರಸ್ಥಳವೆಂದರೆ ನಾವು ಒಪ್ಪುವವರಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರಗಳಿಗೆ ಇದೇ ರಾಜಧಾನಿ. ಕಚೇರಿಯ ಕೆಲಸಕ್ಕೆ, ಮಕ್ಕಳ ಓದಿಗೆ, ಮದುವೆಯ ಜವಳಿಗೆ ಆ ಕಡೆಯವರು ಇಲ್ಲಿಗೇ ಬರಬೇಕಾಗಿತ್ತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದರೆ ಇಂದಿಗೂ ಆ ಸೀಮೆಯ ಮಾತು ಕಿವಿಗೆ ಬೀಳುತ್ತದೆ. ಆದರೆ ಬೆಂಗಳೂರು, ಮೈಸೂರು, ಧಾರವಾಡಗಳಿಂದ ಹೊಸದಾಗಿ ಬಂದು ಮನೆ ಹೂಡುವ ಸಂಸಾರಗಳಿಗೆ ಈ ಊರಿನ ನಿಜವಾದ ಪರಿಚಯ ಆಗುವುದು ಕೈಚೀಲ ಹಿಡಿದು ಸಾಮಾನಿಗೆ ಹೊರಟಾಗ. ಚಾರ್‌ಮಿನಾರನ್ನು ಒಂದು ಭಾನುವಾರ ನೋಡಿ ಮುಗಿಸಬಹುದು. ತರಕಾರಿ ದಿನದಿನವೂ ತರಬೇಕಲ್ಲ!

ಮೊದಲು ಮಾತಿನ ತೊಡಕು. ನಮ್ಮ ಉತ್ತರದವರ ಪುಂಡಿಪಲ್ಯ ಇಲ್ಲಿ ಗೋಂಗೂರ. ಸಬ್ಬಸಿಗೆ ಸೊಪ್ಪನ್ನು ಸೋಯಕೂರ ಎಂದು ಕೇಳಬೇಕು. ಬೇಡವೆನ್ನಲು 'ನಕ್ಕೋ' ಒಂದೇ ಸಾಕು. ಮರಾಠಿಯಿಂದ ದಖನಿಗೆ ಬಂದ ಈ ಎರಡಕ್ಷರವನ್ನು ಕಲಿತರೆ ಅರ್ಧ ಪೇಟೆಯನ್ನು ಗೆದ್ದಂತೆ. ಇನ್ನುಳಿದ ಅರ್ಧವನ್ನು ಗೆಲ್ಲಲು ತೆಲುಗು ಬೇಕು. ಅದರಲ್ಲಿಯೂ ನಮಗೆ ಹತ್ತಿರದ ಮಾತುಗಳಿಗೆ ಕೊರತೆಯಿಲ್ಲ. ತೂಗಿದ ಮೇಲೆ ಚೂರು ಹೆಚ್ಚಿಗೆ ಹಾಕಿಸಿಕೊಳ್ಳುವ ಕೊಸರು ಅವರಿಗೂ ಕೊಸರೇ. ಬೆಳಗಿನ ಮೊದಲ ವ್ಯಾಪಾರದ ಬೋಣಿ ಅವರಿಗೂ ಬೋಣಿಯೇ. ಮನೆಯಲ್ಲಿ ಅಕ್ಕಿ ಮುಗಿದರೆ ತೆಲುಗು ಗೃಹಿಣಿ 'ಮುಗಿಯಿತು' ಎನ್ನಳು. 'ನಿಂಡುಕುನ್ನಾಯಿ' ಎನ್ನುತ್ತಾಳೆ, ತುಂಬಿಕೊಂಡಿವೆ ಎಂದು. ನಮ್ಮ ಹಳೆಯ ಮನೆಗಳಲ್ಲಿಯೂ ಅಕ್ಕಿ 'ತುಂಬಿದೆ' ಎಂದರೆ ಡಬ್ಬಿಯ ತಳ ಕಂಡಿತೆಂದೇ ಅರ್ಥ. ಇಲ್ಲವೆಂಬ ಮಾತನ್ನು ಬಾಯಿಂದ ಆಡಬಾರದೆಂಬ ಸಂಕೋಚ ಎರಡು ಭಾಷೆಗಳಿಗೂ ಒಂದೇ.

ಈ ಸಂಕೋಚ ಮನೆಯೊಳಗೆ ಸರಿ. ಪೇಟೆಯಲ್ಲಿ ಏನು ಮಾಡುವುದು? ಬುಟ್ಟಿಯಲ್ಲಿ ಉಳಿದ ಕೊನೆಯ ಕಟ್ಟು ಕೊತ್ತಂಬರಿಯನ್ನು, ಕಪಾಟಿನಲ್ಲಿ ಉಳಿದ ಕೊನೆಯ ಪೊಟ್ಟಣವನ್ನು ನಾವು ಎತ್ತಿಕೊಳ್ಳಬಹುದೇ, ಹಿಂದೆ ಬರುವವರಿಗೆ ಬಿಡಬೇಕೇ? ಇದೇನು ದೊಡ್ಡ ಪ್ರಶ್ನೆ ಎಂದು ವಾಚಕರು ನಗಬಹುದು. ನಮ್ಮ ಮನೆಯಲ್ಲಿ ಇದರ ಮೇಲೆ ಎರಡು ಪಕ್ಷಗಳಾಗಿ ಊಟ ತಣ್ಣಗಾದದ್ದುಂಟು.

ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಗೆ ಸಂಜೆಯ ಹೊತ್ತು ಹೋಗಿ ನೋಡಬೇಕು. ರೈಲು ನಿಲ್ದಾಣಕ್ಕೆ ದೂರವಿಲ್ಲ. ಇಕ್ಕಟ್ಟು ದಾರಿ, ಕಾಲಡಿಯಲ್ಲಿ ಕೋಸಿನ ಸಿಪ್ಪೆ, ಎಡಕ್ಕೆ ಟೊಮೇಟೊ, ಬಲಕ್ಕೆ ಅರಿಸಿನದ ಕೊಂಬು, ತಲೆಯ ಮೇಲೆ ಗೋಣಿ ಹೊತ್ತವನ ಕೂಗು. ಬೆಳಿಗ್ಗೆ ಹೋದವನಿಗೆ ಆರಿಸಿಕೊಳ್ಳುವ ಭಾಗ್ಯ; ಆದರೆ ಬೋಣಿಯ ಹೊತ್ತಿನಲ್ಲಿ ಚೌಕಾಸಿ ಮಾಡಿ ಕೊಳ್ಳದೆ ಹೋಗುವವನನ್ನು ಯಾರೂ ಮೆಚ್ಚರು. ಸಂಜೆ ಲೆಕ್ಕವೇ ಬೇರೆ. ತಕ್ಕಡಿ ಬದಿಗೆ ಸರಿದು ಉಳಿದದ್ದೆಲ್ಲ 'ಕುಪ್ಪ'ಗಳಾಗುತ್ತದೆ, ಎಂದರೆ ಗುಡ್ಡೆಗಳು. ಗುಡ್ಡೆಗೆ ಇಷ್ಟು ಎಂದು ಒಂದೇ ಮಾತು. ಕೊನೆಯ ಎರಡು ಗುಡ್ಡೆ ಬದನೆಕಾಯಿಯನ್ನು ಮುಂದಿಟ್ಟುಕೊಂಡು ಕುಳಿತ ಮುದುಕಿಗೆ ಊರ ಹೊರಗಿನ ತನ್ನ ಮನೆಗೆ ಹೊರಡುವ ಅವಸರ. ಅದನ್ನು ಕೊಂಡವನೇ ಅವಳಿಗೆ ಉಪಕಾರಿ. 'ಪೂರ್ತಿ ತೆಗೆದುಕೋ' ಎಂದು ಅವಳೇ ನಮ್ಮ ಚೀಲದ ಬಾಯಿ ಅಗಲಿಸುತ್ತಾಳೆ. ಮೇಲೆ ಒಂದು ಹಿಡಿ ಕರಿಬೇವು ಕೊಸರು. ಅಲ್ಲಿ 'ಹಿಂದಿನವರಿಗೆ ಇರಲಿ' ಎಂದು ಒಂದು ಗುಡ್ಡೆ ಬಿಟ್ಟು ಬಂದರೆ ಅವಳು ಇನ್ನೊಂದು ಗಂಟೆ ಕಾಯಬೇಕು. ನಮ್ಮ ಸೌಜನ್ಯಕ್ಕೆ ಅವಳ ಬಸ್ಸು ತಪ್ಪುತ್ತದೆ.

ಆ ಬುಟ್ಟಿಯ ಮುಂದೆ ಅನಾಗರಿಕವಾದದ್ದು ಬೇರೆ ಇದೆ. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ಒಂದೊಂದರ ತುದಿಯನ್ನೂ ಮುರಿದು ನೋಡಿ, ಅರ್ಧ ಕಿಲೋ ಕೊಂಡು ಒಂದು ಕಿಲೋ ಮುಂಡಗಳನ್ನು ಬಿಟ್ಟು ಹೋಗುವವರು ನಮ್ಮಲ್ಲಿ ಎಷ್ಟು ಮಂದಿ! ಟೊಮೇಟೊ ಒತ್ತಿ ಒತ್ತಿ ನೋಡುವವರೂ ಆ ಪಂಗಡದವರೇ. ಅವರು ಕೊನೆಯದನ್ನು ಒಯ್ಯುವುದಿಲ್ಲ ನಿಜ, ಆದರೆ ಕೊನೆಯವನಿಗೆ ತಿನ್ನಲು ಯೋಗ್ಯವಾದುದನ್ನೂ ಉಳಿಸುವುದಿಲ್ಲ.

ರೈತು ಬಜಾರುಗಳ ರೀತಿ ಸ್ವಲ್ಪ ಭಿನ್ನ. ದಲ್ಲಾಳಿಯಿಲ್ಲದೆ ಬೆಳೆದವನೇ ಮಾರಲಿ ಎಂದು ಅಂದಿನ ಆಂಧ್ರ ಪ್ರದೇಶ ಸರ್ಕಾರ 1999ರ ಜನವರಿಯಲ್ಲಿ ಇವನ್ನು ಆರಂಭಿಸಿತು. ಮೆಹದಿಪಟ್ನಂ, ಎರ್ರಗಡ್ಡ, ಸರೂರ್‌ನಗರ ಮೊದಲಾದೆಡೆ ಇವೆ. ಧಾರಣೆ ಹಲಗೆಯ ಮೇಲೆ ಬರೆದಿರುವುದರಿಂದ ಬಾಯಿಗೆ ಕೆಲಸ ಕಡಿಮೆ.

ಇನ್ನು ಕಿರಾಣಿ ಅಂಗಡಿ. ಕಾಚಿಗುಡ, ಬಡೀ ಚೌಡಿಗಳ ಹಳೆಯ ಅಂಗಡಿಗಳಲ್ಲಿ ಸಾಮಾನು ಅಂಗಡಿಯವನ ಬೆನ್ನ ಹಿಂದೆ, ಗಿರಾಕಿ ಕಟ್ಟೆಯ ಈಚೆ. ಕೊನೆಯ ಎರಡು ಕಿಲೋ ಬಿಳಿಜೋಳದ ಹಿಟ್ಟು ಯಾರಿಗೆ ಎಂಬುದನ್ನು ನಿರ್ಣಯಿಸುವವನು ಅವನೇ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಗೆ ಊರಿನಿಂದ ಅತ್ತೆ ಬಂದಿದ್ದಾರೆ, ಎಲ್ಲ ಅವನಿಗೆ ತಿಳಿದಿರುತ್ತಿತ್ತು. ನಾವು ಕೇಳಿದಾಗ 'ಇಲ್ಲ' ಎಂದು, ಕಣ್ಣೆದುರಿಗೇ ಮೇಜಿನ ಅಡಿಯಿಂದ ಪೊಟ್ಟಣ ತೆಗೆದು ಬೇರೊಬ್ಬರಿಗೆ ಕೊಟ್ಟದ್ದೂ ಉಂಟು. ಸಿಟ್ಟು ಬರುತ್ತಿತ್ತು. ಪಕ್ಷಪಾತವೂ ಇರುತ್ತಿತ್ತು, ಬಾಕಿ ಉಳಿಸಿಕೊಂಡ ಬಡವನಿಗಿಂತ ನಗದು ಎಣಿಸುವ ಸಾಹೇಬನೇ ಅವನ ಕಣ್ಣಿಗೆ ಮೊದಲು ಕಾಣುತ್ತಿದ್ದ. ಆದರೂ ನ್ಯಾಯವೋ ಅನ್ಯಾಯವೋ, ತೀರ್ಪು ಕೊಡಲು ಅಲ್ಲಿ ಒಬ್ಬನಿದ್ದ.

ಆ ಕಟ್ಟೆಯನ್ನು ಕಿತ್ತುಹಾಕಿದವನು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು, ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ತಿರುಗಿ ಬೇಕಾದುದನ್ನು ಎತ್ತಿಕೊಳ್ಳಲಿ ಎಂದ. ಆ ಪದ್ಧತಿ ಹೈದರಾಬಾದಿನ ಬಡಾವಣೆಗಳಲ್ಲಿ ಬೇರೂರಿದ್ದು ಬಹಳ ತಡವಾಗಿ, ತ್ರಿನೇತ್ರ, ರತ್ನದೀಪಗಳಂಥ ಸ್ಥಳೀಯ ಅಂಗಡಿಗಳು ಹಬ್ಬಿದ ಮೇಲೆ. ತ್ರಿನೇತ್ರ ಈಗ ಆ ಹೆಸರಿನಲ್ಲಿ ಉಳಿದಿಲ್ಲ. ಅನುಕೂಲ ಬಹಳ, ಅಲ್ಲಗಳೆಯುವಂತಿಲ್ಲ. ಭಾಷೆ ಬಾರದವನೂ ಮೌನವಾಗಿ ತಿಂಗಳ ಸಾಮಾನು ತರಬಹುದು. ಆದರೆ ಕಪಾಟಿಗೆ ಕಣ್ಣಿಲ್ಲ. ಬಾಣಂತಿಯ ಮನೆ ಯಾವುದು, ಅಟ್ಟದಲ್ಲಿ ದಾಸ್ತಾನು ಮಾಡುವವನ ಮನೆ ಯಾವುದು ಎಂದು ಅದಕ್ಕೆ ತಿಳಿಯದು. ಅಂಗಡಿಯವನು ಮಾಡುತ್ತಿದ್ದ ತೀರ್ಪಿನ ಕೆಲಸ ಸದ್ದಿಲ್ಲದೆ ನಮ್ಮ ಕೈಗೆ ಬಂತು. ನಾವು ಚಕ್ರದ ಗಾಡಿ ತಳ್ಳುವ ಸಂಭ್ರಮದಲ್ಲಿ ಅದನ್ನು ಗಮನಿಸಲೇ ಇಲ್ಲ.

ಗಮನಕ್ಕೆ ಬಂದದ್ದು ಗದ್ದಲದ ದಿನಗಳಲ್ಲಿ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದವು. ಮೂರು ದಿನ ಕಳೆಯುವುದರೊಳಗೆ ಉಪ್ಪು ಸಿಗುವುದಿಲ್ಲವಂತೆ ಎಂಬ ಗಾಳಿಮಾತು ಉತ್ತರದ ಊರುಗಳಲ್ಲಿ ಎದ್ದು ಹೈದರಾಬಾದಿಗೂ ಬಂತು. ಉಪ್ಪಿಗೆ ಬರ ಎಲ್ಲಿಯದು? ಪ್ರಪಂಚದಲ್ಲಿ ಅತಿ ಹೆಚ್ಚು ಉಪ್ಪು ತೆಗೆಯುವ ದೇಶಗಳಲ್ಲಿ ನಮ್ಮದೂ ಒಂದು. ಗುಜರಾತಿನ ಕರಾವಳಿಯೇ ಅದರ ಬಹುಪಾಲನ್ನು ಕೊಡುತ್ತದೆ. ಆದರೂ ಕೈಯಲ್ಲಿ ಚಿಲ್ಲರೆಯಿಲ್ಲದ ಜನ ಉಪ್ಪಿಗೆ ಸಾಲು ನಿಂತರು. ದೀಪ ಹಚ್ಚಿದ ಮೇಲೆ ಉಪ್ಪು ಮಾರಬಾರದೆಂಬ ಹಳೆಯ ಕಟ್ಟಳೆ ಆ ರಾತ್ರಿ ಯಾರಿಗೂ ನೆನಪಿಗೆ ಬರಲಿಲ್ಲ.

2020ರ ಮಾರ್ಚಿ ತಿಂಗಳು ಗಾಳಿಮಾತಲ್ಲ. 22ರಂದು ಜನತಾ ಕರ್ಫ್ಯೂ. ಅಂದೇ ಸಂಜೆ ತೆಲಂಗಾಣದಲ್ಲಿ ಬಂದಿ ಸಾರಿದರು. 24ರ ರಾತ್ರಿ ಇಡೀ ದೇಶಕ್ಕೆ. ಮರುದಿನ 25ನೆಯ ತಾರೀಖು ಯುಗಾದಿ! ತೆಲುಗರ ಪಚ್ಚಡಿಗೂ ನಮ್ಮ ಬೇವುಬೆಲ್ಲಕ್ಕೂ ಬೇಕಾದ ಸಾಮಾನು, ಬಂದಿಗೆ ಹೆದರಿ ತುಂಬಿಕೊಳ್ಳುವ ಸಾಮಾನು, ಎರಡಕ್ಕೂ ಒಂದೇ ಹೊತ್ತಿನಲ್ಲಿ ಊರು ಮುಗಿಬಿತ್ತು. ಬೇವಿನ ಹೂವಿಗೆ ಚಿಂತೆಯಿರಲಿಲ್ಲ, ಬೀದಿಯ ಮರವೇ ಕೊಟ್ಟಿತು. ಮಾವಿನಕಾಯಿ, ಬೇಳೆ, ರವೆ, ಹಾಲಿನ ಪುಡಿ ಎಲ್ಲವೂ ಅಪರೂಪವಾದವು. ತೊಗರಿಗೆ ಹೆಸರಾದ ತಾಂಡೂರು ನೂರಾರು ಮೈಲಿಯ ದೂರದಲ್ಲೇನೂ ಇಲ್ಲ, ಅದರಾಚೆ ಕಲಬುರಗಿ. ಆದರೂ ನಮ್ಮ ಬಡಾವಣೆಯ ಕಪಾಟಿನಲ್ಲಿ ಬೇಳೆಯ ಹೆಸರು ಬರೆದ ಚೀಟಿ ಮಾತ್ರ ಉಳಿದಿತ್ತು. ಪಡಿತರ ಚೀಟಿಯ ಮನೆಗಳಿಗೆ ಸರ್ಕಾರ ತಲೆಗೆ 12 ಕಿಲೋ ಅಕ್ಕಿಯನ್ನೂ ಮನೆಗೆ 1500 ರೂಪಾಯಿಯನ್ನೂ ಕೊಟ್ಟಿತು. ಚೀಟಿಯಿಲ್ಲದ ಹೊರನಾಡಿಗರು, ಬಾಡಿಗೆ ಕೋಣೆಯ ಹುಡುಗರು, ಮಕ್ಕಳು ಪರದೇಶದಲ್ಲಿರುವ ಒಂಟಿ ವೃದ್ಧರು ಕಪಾಟನ್ನೇ ನಂಬಿದ್ದವರು.

ಆ ವಾರ ನಾವು ಕಂಡ ಒಂದು ಸಂಗತಿ. ಅಂಗಡಿಯೊಂದರಲ್ಲಿ ರಾಗಿಹಿಟ್ಟಿನ ಮೂರು ಪೊಟ್ಟಣ ಉಳಿದಿದ್ದವು. ಮುಂದೆ ನಿಂತಿದ್ದ ಮಧ್ಯವಯಸ್ಸಿನ ಗೃಹಸ್ಥರು ಮೂರನ್ನೂ ಎತ್ತಿ ಗಾಡಿಗೆ ಹಾಕಿದರು. ಹಿಂದಿದ್ದ ಚಿಕ್ಕ ವಯಸ್ಸಿನ ತಾಯಿ ಏನೂ ಅನ್ನಲಿಲ್ಲ. ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಸಾಮಾನು ಜೋಡಿಸುವ ಹುಡುಗ ನಮ್ಮತ್ತ ನೋಡಿದ. ನಮ್ಮ ಮನೆಯವರು ತೆಲುಗಿನಲ್ಲಿ 'ಮನೆಯಲ್ಲಿ ಮಗುವೇ?' ಎಂದು ಅವಳನ್ನು ಕೇಳಿದರು. ಹತ್ತು ತಿಂಗಳಿನದೆಂದು ಉತ್ತರ ಬಂತು, ಕನ್ನಡದಲ್ಲಿ! ನಮ್ಮ ಸೀರೆಯ ಕಟ್ಟೋ ಉಚ್ಚಾರವೋ ಗುಟ್ಟು ಬಿಟ್ಟುಕೊಟ್ಟಿರಬೇಕು. ಗೃಹಸ್ಥರಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು. ಎರಡು ಪೊಟ್ಟಣ ಅವಳ ಕೈಗೆ ಕೊಟ್ಟು, ತಮ್ಮ ತಾಯಿಗೆ ಅಂಬಲಿಗೆ ಒಂದು ಸಾಕೆಂದರು. ಅವರು ದುಷ್ಟರಾಗಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ.

ಅಂದಿನಿಂದ ನಮ್ಮ ಮನೆಯ ಎರಡು ಪಕ್ಷಗಳಿಗೂ ಒಂದು ರಾಜಿಯಾಗಿದೆ. ನಾಳೆ ಲಾರಿ ಬರುವುದಾದರೆ ಕೊನೆಯ ಪೊಟ್ಟಣವನ್ನು ಅಳುಕದೆ ಎತ್ತಿಕೊಳ್ಳುವುದು. ಯಾರೋ ಕೊಳ್ಳದೆ ಬಿಟ್ಟರೆ ಅದಕ್ಕೆ ಧೂಳೇ ಗತಿ. ಲಾರಿ ಬರುವ ಭರವಸೆಯಿಲ್ಲದಿದ್ದರೆ ಒಂದಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ, ಹಿಂದೆ ತಿರುಗಿ ನೋಡದೆ ಅದನ್ನೂ ಮುಟ್ಟುವಂತಿಲ್ಲ. ಮಗುವಿನ ಆಹಾರವೂ ಔಷಧಿಯೂ ಯಾವ ದಿನವಾದರೂ ಈ ಎರಡನೆಯ ಲೆಕ್ಕಕ್ಕೇ ಸೇರತಕ್ಕವು.

ಈ ಕಾನೂನಿಗೆ ಪರೀಕ್ಷೆ ಬಂದದ್ದು ಸಮುದ್ರದಾಚೆ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಅಮೆರಿಕದ ನಮ್ಮವರೂ ತೆಲುಗರೂ ಸೋನಾ ಮಸೂರಿಗಾಗಿ ಅಂಗಡಿಗಳಿಗೆ ನುಗ್ಗಿದರು. ಹಲವೆಡೆ ಮನೆಗೆ ಒಂದೇ ಚೀಲ ಎಂದು ಫಲಕ ಹಾಕಬೇಕಾಯಿತು. ಇತ್ತ ರಾಯಚೂರು, ಸಿಂಧನೂರು, ಗಂಗಾವತಿಗಳ ಅದೇ ಅಕ್ಕಿ ಹೈದರಾಬಾದಿನಲ್ಲಿ ಬೇಕಾದಷ್ಟು ಬಿದ್ದಿತ್ತು. ನ್ಯೂಜೆರ್ಸಿಯಲ್ಲಿರುವ ನಮ್ಮ ಬಂಧುಗಳ ಹುಡುಗಿಗೆ ಇಪ್ಪತ್ತು ಪೌಂಡಿನ ಒಂದು ಚೀಲ ಸಿಕ್ಕಿತು. ನೆರೆಯ ಎರಡು ಮನೆಗಳಿಗೆ ಅದೂ ಇಲ್ಲ. ಆ ರಫ್ತು ಮತ್ತೆ ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ. ಆ ವಾರ ಮಾತ್ರ ಅವಳು ತಾಯಿಗೆ ದೂರವಾಣಿ ಮಾಡಿ, ಚಹದ ಬಟ್ಟಲಲ್ಲಿ ಅಳೆದರೆ ಒಂದು ಪಾವಿಗೆ ಎಷ್ಟು ಬಟ್ಟಲು ಎಂದು ಕೇಳಿದಳಂತೆ. ತಾಯಿ ಬಟ್ಟಲು ಎಷ್ಟು ದೊಡ್ಡದೆಂದು ಕೇಳಿದರು. ಇಬ್ಬರೂ ಅಂದಾಜು ಮಾಡಿ, ಮೂರು ಪಾಲು ಹಾಕಿ, ಕೊನೆಯಲ್ಲಿ ಮಿಕ್ಕ ಅರ್ಧ ಬಟ್ಟಲನ್ನು ಮೂರನೆಯ ಮನೆಗೆ ಕೊಸರು ಹಾಕಿಸಿದರು.